ಹೂಂ ಎನ್ನದ ಊರು

ಆ ಊರು ನಿಂತ ಊರಲ್ಲ, ನಡೆಯುವ ಊರು. ಅದರ ಕೆಳಗೆ ಗಾಲಿಗಳಿದ್ದವು, ಹೊಟ್ಟೆಯಲ್ಲಿ ಬೆಂಕಿಯಿತ್ತು, ಬೆಂಕಿಯ ಸುತ್ತ ನೀರು ಸುತ್ತುತ್ತಿತ್ತು. ಎಲ್ಲಿಂದ ಹೊರಟದ್ದು ಎಂದು ಯಾರಿಗೂ ನೆನಪಿರಲಿಲ್ಲ. ಬೆಟ್ಟದ ನೆತ್ತಿಗೆ ಹೋಗುತ್ತಿದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಊರಿನ ಉದ್ದಕ್ಕೂ ಒಂದು ಹಗ್ಗ ಹಾದುಹೋಗಿತ್ತು. ಎರಡು ಹುರಿ, ಒಂದಕ್ಕೊಂದು ಹೆಣೆದದ್ದು. ಮಾತಾಡುವವರು ಒಂದು ಹುರಿಯನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಎಳೆಯಬೇಕು. ಎರಡೂ ಒಂದೇ ಕಡೆಗೆ ಅಲುಗಿದರೆ ಅದು ಗಾಳಿ, ಬಿಟ್ಟುಬಿಡು. ಬೇರೆ ಬೇರೆ ಕಡೆಗೆ ಅಲುಗಿದರೆ ಅದು ಮಾತು, ಕಿವಿಗೊಡು. ಹಗ್ಗದ ಎರಡು ತುದಿಯಲ್ಲಿ ಇಬ್ಬರು ನುಂಗುವವರು ಕೂತಿದ್ದರು. ತಮ್ಮವರೆಗೆ ಬಂದ ಮಾತನ್ನು ಹಿಡಿದು ಹೊಟ್ಟೆಗೆ ಹಾಕಿಕೊಳ್ಳುವುದೇ ಅವರ ಕೆಲಸ. ಅವರಿಲ್ಲದಿದ್ದರೆ ಆಡಿದ ಮಾತು ತುದಿಗೆ ಬಡಿದು ಹಿಂದಿರುಗಿ, ಹಳೆಯ ಮಾತೂ ಹೊಸ ಮಾತೂ ಕಲಸಿಹೋಗುತ್ತಿದ್ದವು.

ಬೀದಿಯಲ್ಲಿ ಜನ ಏನು ಬೇಕಾದರೂ ಹರಟಬಹುದಿತ್ತು. ಆದರೆ ಬೆಂಕಿ, ಗಾಲಿ, ಬಾಗಿಲು, ದೀಪ ಯಾವುದೂ ಬೀದಿಯ ಮಾತಿಗೆ ಬಗ್ಗುತ್ತಿರಲಿಲ್ಲ. ಹಗ್ಗದ ಮಾತಿಗೆ ಮಾತ್ರ ಬಗ್ಗುತ್ತಿದ್ದವು. ಹಗ್ಗದ ಮೇಲೆ ಯಾರೂ ಯಾರನ್ನೂ ಕರೆಯುವ ಹಾಗಿಲ್ಲ. ಇಂಥವರು ಹೀಗೆ ಮಾಡಿ ಎಂದು ಅಪ್ಪಣೆ ಕೊಡುವ ಹಾಗಿಲ್ಲ. ತಾನು ಯಾವ ಮನೆ, ತಾನು ಏನು ಕಂಡೆ, ಇಷ್ಟೇ ಹೇಳಬೇಕು. ಕೇಳಿದವರಲ್ಲಿ ಯಾರಿಗೆ ಬೇಕೋ ಅವರು ತೆಗೆದುಕೊಳ್ಳುತ್ತಾರೆ. ಬೇಡದವರು ಬಿಡುತ್ತಾರೆ.

ಇಬ್ಬರು ಒಟ್ಟಿಗೆ ಶುರುಮಾಡಿದರೆ? ಅದಕ್ಕೂ ಕಟ್ಟಳೆಯಿತ್ತು. ಪ್ರತಿ ಮನೆಗೂ ಅದರದೇ ಒಂದು ಎಳೆತ. ಗಾಲಿಗಳನ್ನು ಹಿಡಿದು ನಿಲ್ಲಿಸುವ ತಡೆಯ ಮನೆಯದು ಎಲ್ಲಕ್ಕಿಂತ ಭಾರ, ಆಮೇಲೆ ಬೆಂಕಿಯ ಮನೆ, ಆಮೇಲೆ ಬಿಸಿಯ ಮನೆ. ಬಾಗಿಲ ಮನೆಯದು ಎಲ್ಲಕ್ಕಿಂತ ಹಗುರ. ಹಗುರದ ಎಳೆತದವರು ತಮ್ಮ ಕೈಯಲ್ಲಿ ಭಾರ ಕಂಡ ಕೂಡಲೇ ಹಗ್ಗ ಬಿಟ್ಟು ಸುಮ್ಮನಾಗಬೇಕು. ಅದರಲ್ಲಿ ಅವಮಾನವಿರಲಿಲ್ಲ. ಅವರ ಸರದಿ ಆಮೇಲೆ ಬರುತ್ತಿತ್ತು.

ಮಾತು ಮುಗಿದ ಮೇಲೆ ಆಡಿದವರು ಒಂದು ಉಸಿರಿನಷ್ಟು ಜಾಗ ಬಿಡುತ್ತಿದ್ದರು. ಆ ಜಾಗದಲ್ಲಿ ಯಾರಾದರೂ ಒಬ್ಬರು ಹಗ್ಗವನ್ನು ಒಮ್ಮೆ ಸಣ್ಣಗೆ ಜಗ್ಗಬೇಕು. ಆ ಜಗ್ಗಿಗೆ ಹೂಂ ಎಂದು ಹೆಸರು. ಹೂಂ ಬಿದ್ದರೆ ಮಾತು ಮಾತಾಯಿತು. ಬೀಳದಿದ್ದರೆ ಅದು ಮಾತೇ ಅಲ್ಲ, ಆಡಿದವರು ಮತ್ತೆ ಆಡಬೇಕು. ಹೂಂ ಬೀಳುವವರೆಗೆ ಆಡುತ್ತಲೇ ಇರಬೇಕು.

ಇದು ಆ ಊರಿನ ಕಟ್ಟಳೆ.

ಬಿಸಿಯ ಮನೆಯಲ್ಲಿ ಒಬ್ಬಳಿದ್ದಳು. ನೀರಿನ ಕೊಳವೆಯ ಮೇಲೆ ಅಂಗೈಯಿಟ್ಟು ಅದರ ಬಿಸಿಯನ್ನು ಹಗ್ಗಕ್ಕೆ ಹೇಳುವುದು ಅವಳ ಕೆಲಸ. ಬಿಸಿಯವಳು ಎಂದೇ ಕರೆಯುತ್ತಿದ್ದರು. ಅವಳು ಆ ಮನೆಯಲ್ಲಿ ಹುಟ್ಟಿದವಳಲ್ಲ. ಪಾತ್ರೆ ತಿಕ್ಕಲು ಬಂದವಳು. ಹಳೆಯ ಬಿಸಿಯವನು ಹಗ್ಗ ಎಳೆಯುವಾಗ ಇವಳು ಪಾತ್ರೆ ಕವುಚಿ ಹಾಕಿ, ಗೋಡೆಗೆ ತಾಗಿದ ಹಗ್ಗಕ್ಕೆ ಕಿವಿಯೊತ್ತಿ ಕೂರುತ್ತಿದ್ದಳು. ಯಾರೂ ಕಲಿಸಲಿಲ್ಲ. ಕೇಳಿ ಕೇಳಿ ಗಾಲಿಯ ಮಾತು ಯಾವುದು, ದೀಪದ ಮಾತು ಯಾವುದು ಎಂದು ಬಿಡಿಸಿಕೊಂಡಳು. ಮುದುಕ ಸತ್ತ ದಿನ ಊರವರು ಹೆಣದ ಸುತ್ತ ನಿಂತು ಇನ್ನು ಯಾರು ಎಂದು ಯೋಚಿಸುತ್ತಿರುವಾಗ ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಗ್ಗ ಹಿಡಿದಳು. ಒಂದು ತಪ್ಪಿಲ್ಲದೆ ಎಳೆದಳು. ಬೇರೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಅವಳೇ ಉಳಿದಳು. ಆದರೂ ಜಗಳ ಬಂದಾಗಲೆಲ್ಲ ಜನಕ್ಕೆ ಅವಳ ಪಾತ್ರೆಗಳೇ ಮೊದಲು ನೆನಪಾಗುತ್ತಿದ್ದವು.

ಊರು ಕೊನೆಯ ಏರಿಗೆ ಮುಖ ಮಾಡಿತು. ನೆತ್ತಿ ಕಾಣತೊಡಗಿತು. ಬೆಂಕಿಯವನು ಬೆಂಕಿಯನ್ನು ಹಿಂದೆಂದೂ ಇಲ್ಲದ ಹಾಗೆ ಎಬ್ಬಿಸಿದ. ಜನ ಚಾವಣಿ ಹತ್ತಿ ನೆತ್ತಿಗೆ ಕೈಮುಗಿದರು.

ಆ ಬೆಳಿಗ್ಗೆ ಬಿಸಿಯವಳು ಕೊಳವೆಯ ಮೇಲೆ ಅಂಗೈಯಿಟ್ಟವಳು ತಟ್ಟನೆ ಹಿಂತೆಗೆದಳು. ಕೊಳವೆಯ ಮೇಲೆ ಹಳಬರು ಕೊರೆದ ಒಂದು ಗೆರೆಯಿತ್ತು. ನೀರಿನ ಬಿಸಿ ಅದನ್ನು ದಾಟಿದರೆ ಬೆಂಕಿ ಇಳಿಸಬೇಕು, ಇಳಿಸದಿದ್ದರೆ ನೀರು ಹಬೆಯಾಗುತ್ತದೆ, ನೀರು ತೀರಿದರೆ ಊರಿನ ಹೊಟ್ಟೆ ಒಳಗಿಂದಲೇ ಬೇಯುತ್ತದೆ. ಬಿಸಿ ಗೆರೆ ದಾಟಿತ್ತು.

ಅವಳು ಹಗ್ಗ ಎಳೆದಳು.

"ಇದು ಬಿಸಿಯ ಮನೆ. ನೀರು ಗೆರೆ ದಾಟಿದೆ."

ಉಸಿರಿನಷ್ಟು ಜಾಗ ಬಿಟ್ಟಳು. ಹೂಂ ಬೀಳಲಿಲ್ಲ.

"ಇದು ಬಿಸಿಯ ಮನೆ. ನೀರು ಗೆರೆ ದಾಟಿದೆ."

ಹಗ್ಗ ಅಲುಗಲಿಲ್ಲ.

ಎಲ್ಲರಿಗೂ ಕೇಳಿಸಿತ್ತು. ಗಾಲಿಯವನಿಗೆ ಕೇಳಿಸಿತ್ತು, ದೀಪದವಳಿಗೆ ಕೇಳಿಸಿತ್ತು, ಚೌಕದಲ್ಲಿ ದೊಡ್ಡ ಬಿಲ್ಲೆಯ ಮೇಲೆ ಮುಳ್ಳು ತಿರುಗಿಸಿ ಜನಕ್ಕೆ ಊರಿನ ಹದ ತೋರಿಸುವ ಮುಳ್ಳಿನವನಿಗೂ ಕೇಳಿಸಿತ್ತು. ಯಾರೂ ಜಗ್ಗಲಿಲ್ಲ. ತಲೆತಲಾಂತರದಿಂದ ಹಗ್ಗದ ಮೇಲೆ ಒಳ್ಳೆಯ ಸುದ್ದಿಯೇ ಬರುತ್ತಿತ್ತು. ಗಾಲಿ ಸರಿಯಾಗಿದೆ, ಹೂಂ. ದೀಪ ಉರಿಯುತ್ತಿದೆ, ಹೂಂ. ನೀರು ಹದವಾಗಿದೆ, ಹೂಂ. ಹಾಗೆ ಅಂದು ಅಂದು, ಕೇಳಿಸಿತು ಎನ್ನುವುದಕ್ಕೂ ಒಪ್ಪಿದೆ ಎನ್ನುವುದಕ್ಕೂ ಇದ್ದ ಅಂತರ ಅವರ ಕೈಗಳಿಂದ ಮಾಯವಾಗಿತ್ತು. ಈಗ ಹೂಂ ಎಂದರೆ ಬೆಂಕಿ ಇಳಿಯಲಿ ಎಂದು ಒಪ್ಪಿದ ಹಾಗೆ. ಬೆಂಕಿ ಇಳಿದರೆ ಊರು ಕುಂಟುತ್ತದೆ. ನೆತ್ತಿ ಕಣ್ಣೆದುರಿಗಿರುವಾಗ ಊರನ್ನು ಕುಂಟಿಸಿದವನು ಎನ್ನಿಸಿಕೊಳ್ಳಲು ಯಾರಿಗೆ ಇಷ್ಟ?

ಅವಳು ಮತ್ತೆ ಎಳೆದಳು. ಮತ್ತೆ ಎಳೆದಳು.

ಚೌಕದಲ್ಲಿ ಮುಳ್ಳು ಹದದ ಮೇಲೇ ನಿಂತಿತ್ತು. ಹೂಂ ಬೀಳದ ಮಾತಿಗೆ ಮುಳ್ಳು ತಿರುಗುವುದಿಲ್ಲವಲ್ಲ. ಜನ ಬಂದು ಮುಳ್ಳು ನೋಡಿದರು, ನೆಮ್ಮದಿಯಾಗಿ ಮಜ್ಜಿಗೆ ಕುಡಿದು ಮನೆಗೆ ಹೋದರು. ಬಿಸಿಯ ಮನೆಯ ಗೋಡೆಯಿಂದ ಹಬೆ ಏಳುತ್ತಿತ್ತು. ಬೆಟ್ಟದ ಮಂಜು ಎಷ್ಟು ಚೆಂದ ಎಂದರು.

ಆದರೆ ಮಧ್ಯಾಹ್ನದ ಹೊತ್ತಿಗೆ ಊರು ತೊಡರಿತು. ಅವಳ ಎಳೆತ ಭಾರದ್ದು. ಅವಳು ಬಿಡದೆ ಆಡುತ್ತಿದ್ದರೆ ಹಗುರದ ಮನೆಗಳ ಮಾತಿಗೆ ಹಗ್ಗದಲ್ಲಿ ಜಾಗವೇ ಇಲ್ಲ. ದೀಪದವಳು ಶುರುಮಾಡಿದರೆ ಅವಳ ಕೈಗೆ ಬಿಸಿಯವಳ ಭಾರ ತಾಗುತ್ತಿತ್ತು, ಬಿಡಬೇಕಾಗುತ್ತಿತ್ತು. ಸುರಂಗ ಬಂದಾಗ ದೀಪ ಹತ್ತಲಿಲ್ಲ. ಜನ ಕತ್ತಲಲ್ಲಿ ಒಬ್ಬರ ಕಾಲು ಒಬ್ಬರು ತುಳಿದರು. ಬಾಗಿಲುಗಳು ಮುಚ್ಚಿದ್ದು ಮುಚ್ಚಿದ ಹಾಗೇ ಇದ್ದವು.

ಮುಳ್ಳಿನವನು ಹತ್ತಾರು ಜನರನ್ನು ಕರೆದುಕೊಂಡು ಅವಳ ಮನೆಗೆ ಬಂದ. ಬಿಳಿ ಪಂಚೆ, ಶುಭ್ರವಾದ ಕೈ. ಆ ಕೈ ಮುಳ್ಳನ್ನು ಬಿಟ್ಟು ಬೇರೇನನ್ನೂ ಮುಟ್ಟಿದ್ದಿಲ್ಲ.

"ಏನಮ್ಮ ಇದು? ಊರಿಗೆ ಊರೇ ಹಗ್ಗದ ಕಡೆ ಹೋಗೋ ಹಾಗಿಲ್ಲ. ಒಬ್ಬಳೇ ಜಗ್ಗಾಡ್ತಾ ಇದೀಯಲ್ಲ!"

ಅವಳು ಎಳೆಯುವುದನ್ನು ನಿಲ್ಲಿಸದೆ ಹೇಳಿದಳು: "ಹೂಂ ಬಿದ್ದಿಲ್ಲ. ಬೀಳೋವರೆಗೂ ಹೇಳಬೇಕು. ಕಟ್ಟಳೆ ನಂದಲ್ಲ."

"ನಾಳೆ ಸಂಜೆಗೆ ನೆತ್ತಿ ಮುಟ್ತೀವಿ ಕಣಮ್ಮ. ಒಂದೇ ಒಂದು ಸಲ ನೀರು ಹದವಾಗಿದೆ ಅನ್ನು. ನಾವೆಲ್ಲ ಸೇರಿ ಹೂಂ ಅಂತೀವಿ. ನಿಂಗೂ ಕೈನೋವು ತಪ್ಪುತ್ತೆ."

"ಬಂದು ಕೊಳವೆ ಮುಟ್ಟಿ ನೋಡು."

"ನಾನ್ಯಾಕೆ ಮುಟ್ಟಲಿ? ಮುಳ್ಳು ಹದದ ಮೇಲಿದೆ."

"ಮುಳ್ಳನ್ನ ತಿರುಗಿಸೋನು ನೀನೇ ಅಲ್ವೇನಯ್ಯ!"

ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಮುಳ್ಳಿನವನ ಮುಖ ಕೆಂಪಾಯಿತು. "ಪಾತ್ರೆ ತಿಕ್ಕೋಳಿಗೆ ಹಗ್ಗ ಕೊಟ್ಟಿದ್ದೇ ತಪ್ಪಾಯ್ತು" ಎಂದ.

"ಕೊಟ್ಟೋರು ಯಾರು? ನಾನು ಹಿಡಿದಿದ್ದು."

"ಕಲ್ಲಿಡಿ ಇವಳ ಬಾಗಿಲಿಗೆ!" ಎಂದು ಅವನು ಕೂಗಿದ.

ಕಲ್ಲು ಆ ಊರಿನ ಶಿಕ್ಷೆ. ಹಗ್ಗದ ಮೇಲೆ ಒಡಕು ಮಾತಾಡಿದವರ ಬಾಗಿಲಿಗೆ ಒಂದೊಂದೇ ಕಲ್ಲಿಡುತ್ತಿದ್ದರು. ಕಲ್ಲು ಬಾಗಿಲಿನ ಎತ್ತರಕ್ಕೆ ಏರಿದರೆ ಆ ಮನೆಯನ್ನು ಹಗ್ಗದಿಂದ ಬಿಚ್ಚುತ್ತಿದ್ದರು. ಬಿಚ್ಚಿದ ಮನೆಯವರು ಬದುಕಿರುತ್ತಿದ್ದರು, ಉಣ್ಣುತ್ತಿದ್ದರು, ಆದರೆ ಅವರು ಇದ್ದಾರೆ ಎಂಬುದು ಊರಿಗೆ ಮರೆತುಹೋಗುತ್ತಿತ್ತು. ಬಿಸಿಯವಳಿಗೆ ಭಯವಿದ್ದದ್ದು ಅದೊಂದರದೇ. ಹಗ್ಗ ಕೈಗೆ ಸಿಗುವ ಮೊದಲಿನ ಬದುಕು ಅವಳಿಗೆ ಗೊತ್ತಿತ್ತು. ಎಲ್ಲರ ಮಾತೂ ಕೇಳಿಸಿ ತನ್ನದೊಂದೂ ಕೇಳಿಸದ ಬದುಕು ಅದು.

ಜನ ಕಲ್ಲು ಎತ್ತಿಕೊಂಡರು. ಆದರೆ ಕಲ್ಲಿಡಲು ತಡೆಯಜ್ಜಿಯ ಮಾತು ಬೇಕಿತ್ತು. ಅವಳು ತಡೆಯ ಮನೆಯವಳು, ಊರಿನಲ್ಲೇ ಭಾರದ ಎಳೆತದವಳು. ಅವಳು ಬಾಯಿಬಿಟ್ಟರೆ ಊರೇ ನಿಲ್ಲುತ್ತದೆ, ಹಾಗಾಗಿ ಮಾತು ಕಡಿಮೆ. ಅವಳನ್ನು ಕೈಹಿಡಿದು ಕರೆತಂದರು.

"ಯಾವ ಮಾತು ಒಡಕು?" ಎಂದು ಅಜ್ಜಿ ಕೇಳಿದಳು.

"ಬೆಳಿಗ್ಗೆಯಿಂದ ಒಂದೇ ಸಮ ಬಡ್ಕೋತಿದಾಳೆ ಅಜ್ಜಿ."

"ಬಡ್ಕೊಂಡಿದ್ದಲ್ಲ ಕೇಳಿದ್ದು. ಒಡಕು ಯಾವುದು? ಎಳೆತ ತಪ್ಪಿತಾ? ಹುರಿ ಅದಲುಬದಲಾಯ್ತಾ? ನಡುವೆ ಕತ್ತರಿಸಿತಾ?"

ಬಿಸಿಯವಳ ಮಾತು ಒಂದೊಂದು ಸಲವೂ ನೆಟ್ಟಗೇ ಬಂದಿತ್ತು.

"ಒಡಕು ಮಾತಿಗೆ ಕಲ್ಲುಂಟು" ಎಂದಳು ಅಜ್ಜಿ. "ಕೇಳದ ಮಾತಿಗೆ ಕಲ್ಲಿಲ್ಲ. ಕೇಳದೇ ಇದ್ದದ್ದು ಆಡಿದವಳ ತಪ್ಪಲ್ಲ. ಕೆಳಗಿಡ್ರೋ ಕಲ್ಲ, ಕೈ ಸೋಲುತ್ತೆ."

ಬಿಸಿಯವಳು ಅಜ್ಜಿಯ ಮುಖವನ್ನೇ ನೋಡಿದಳು. "ಹಾಗಾದ್ರೆ ನೀನೇ ಒಂದು ಹೂಂ ಅನ್ನಜ್ಜಿ."

ಅಜ್ಜಿ ತಲೆ ಕೊಡವಿದಳು. "ನನ್ನ ಹೂಂ ಭಾರ ಕಣೇ ಮಗಾ. ಅಜ್ಜಿ ಒಪ್ಪಿದಳು ಅಂತಾರೆ. ಈ ವಯಸ್ಸಲ್ಲಿ ನಂಗ್ಯಾಕೆ?" ಎಂದು ಕೋಲೂರಿಕೊಂಡು ಹೊರಟುಹೋದಳು. ಅಜ್ಜಿಯ ನ್ಯಾಯ ಅಷ್ಟು ದೂರ ಬಂದು ಹೊಸ್ತಿಲಲ್ಲಿ ನಿಂತಿತು.

ಜನ ಕಲ್ಲನ್ನು ಅಲ್ಲೇ ಹಾಕಿ ಚದುರಿದರು. ಸುಮ್ಮನೆ ಕಾಯೋಣ, ಅವಳ ಕೈ ಎಷ್ಟು ಹೊತ್ತು ತಡೆದೀತು ಎಂದುಕೊಂಡರು.

ಕೈಗೆ ಬೊಬ್ಬೆ ಬಂದವು. ಬೊಬ್ಬೆ ಒಡೆದು ಹಗ್ಗ ಒದ್ದೆಯಾಯಿತು. ಪಾತ್ರೆಯ ಬೂದಿ ತಿಂದು ಗಟ್ಟಿಯಾದ ಕೈ ಅದು. ಅವಳು ಎಳೆದಳು. ಇದು ಬಿಸಿಯ ಮನೆ. ನೀರು ಗೆರೆ ದಾಟಿದೆ. ಕೊಳವೆಯೊಳಗೆ ನೀರು ಗುಳುಗುಳು ಎನ್ನುತ್ತಿತ್ತು, ಆಮೇಲೆ ಗುಳುಗುಳುವಿನ ನಡುವೆ ಖಾಲಿ ಸದ್ದು ಸೇರತೊಡಗಿತು. ಇದು ಬಿಸಿಯ ಮನೆ. ನೀರು ಗೆರೆ ದಾಟಿದೆ. ಅವಳು ದನಿ ಏರಿಸಲಿಲ್ಲ, ಇಳಿಸಲಿಲ್ಲ. ಕಾಪಾಡಿ ಎನ್ನಲಿಲ್ಲ. ಬೆಂಕಿ ಇಳಿಸಿ ಎನ್ನಲಿಲ್ಲ. ಕಂಡದ್ದನ್ನು ಹೇಳಿದಳು.

ಆಗ ಬಾಗಿಲಿನವನು ಓಡಿ ಬಂದ. ಊರಿನಲ್ಲೇ ಹಗುರದ ಎಳೆತದವನು. ಎಲ್ಲರ ಮಾತು ಮುಗಿಯಲಿ ಎಂದು ಕಾದು ಕಾದು ಬೆನ್ನು ಬಾಗಿದವನು. ಈಗ ಮಾತ್ರ ನೆಟ್ಟಗೆ ನಿಂತಿದ್ದ.

"ನಿಲ್ಸು ತಾಯಿ. ನನ್ನ ಮಗಳು ಹೊರಜಗಲಿಯಲ್ಲಿ ಸಿಕ್ಕಿಕೊಂಡಿದಾಳೆ. ಬಟ್ಟೆ ಒಣಗಿಹಾಕೋಕೆ ಹೋದಳು, ಏರು ಕಡಿದಾಯ್ತು, ಊರು ವಾಲಿದ ರಭಸಕ್ಕೆ ಬಾಗಿಲು ಮುಚ್ಕೊಂಡಿತು. ಮಗಳು ಹೊರಗಿದಾಳೆ ಅಂತ ಹೇಳೋಣ ಅಂದ್ರೆ ಹಗ್ಗದ ತುಂಬಾ ನೀನೇ! ಹೊರಗೆ ಗಾಳಿ ಹೆಂಗೆ ಬೀಸ್ತಿದೆ ಗೊತ್ತಾ?"

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಆದರೆ ಎಳೆಯುವುದನ್ನು ನಿಲ್ಲಿಸಲಿಲ್ಲ.

"ಬಿಡ್ತೀನಿ. ಒಂದು ಹೂಂ ಅನ್ನು, ಆ ಕ್ಷಣ ಹಗ್ಗ ನಿಂದು."

"ನಾನು ಹೇಗೆ ಅನ್ಲಿ? ನೆತ್ತಿ ಬೇಡ ಅಂದ ಹಾಗಾಗುತ್ತಲ್ಲ! ನಾನು ಬಾಗಿಲೋನು ಕಣಮ್ಮ, ನಂಗ್ಯಾಕೆ ನೀರಿನ ಉಸಾಬರಿ?"

"ನಿನ್ನ ಮಗಳಿಗೆ ಕತೆ ಹೇಳ್ತೀಯಾ?"

ಅವನು ರೇಗಿದ. "ಈಗ ಕತೆ ಮಾತಾಡೋ ಹೊತ್ತಾ?"

"ಹೇಳ್ತೀಯೋ ಇಲ್ವೋ?"

"ಹೇಳ್ತೀನಿ. ದಿನಾ ಹೇಳ್ತೀನಿ."

"ನೀನು ಹೇಳುವಾಗ ಅವಳೇನಂತಾಳೆ?"

"ಏನಂತಾಳೆ... ಹೂಂ ಹೂಂ ಅಂತಾ ಇರ್ತಾಳೆ. ಅನ್ನದಿದ್ರೆ ನಾನು ಹೇಳೋದೇ ಇಲ್ಲ."

"ರಾಕ್ಷಸ ಬಂದು ರಾಜಕುಮಾರೀನ ನುಂಗಿದ ಅಂತೀಯಲ್ಲ. ಆಗ?"

"ಆಗಲೂ ಹೂಂ ಅಂತಾಳೆ. ಕಣ್ಣಲ್ಲಿ ನೀರು ಹಾಕ್ಕೊಂಡು ಅಂತಾಳೆ."

"ಹಾಗಾದ್ರೆ ನುಂಗಲಿ ಬಿಡು ಅಂತ ಒಪ್ಪಿದಳಾ ಅವಳು?"

ಬಾಗಿಲಿನವನ ಬೆನ್ನು ಮತ್ತೆ ಸ್ವಲ್ಪ ಬಾಗಿತು. ಈ ಸಲ ಅದು ಕಾಯುವವನ ಬಾಗಲ್ಲ, ಏನನ್ನೋ ಹತ್ತಿರದಿಂದ ನೋಡುವವನ ಬಾಗು.

"ನಾನು ಒಪ್ಪಿಗೆ ಕೇಳಿದ್ನಾ ಯಾರ ಹತ್ರಾನಾದ್ರೂ?" ಎಂದಳು ಅವಳು. "ಕಿವಿಗೊಡಿ ಅಂದೆ. ಅಷ್ಟೇ ಕೇಳಿದ್ದು. ಒಪ್ಪದೆ ಇರೋ ಹಕ್ಕು ನಿಮ್ಮದು. ಕೇಳಿಸಲಿಲ್ಲ ಅನ್ನೋ ಹಕ್ಕು ಯಾರಿಗೂ ಇಲ್ಲ."

ಅವನು ತಿರುಗಿ ಹೋದ. ತನ್ನ ಮನೆಗೆ ಹೋಗಿ ಹಗ್ಗದ ಮುಂದೆ ನಿಂತ. ಹಗ್ಗದ ಮಾತನ್ನು ಬೆಳಿಗ್ಗೆಯಿಂದ ಕೇಳಿಸಿಕೊಂಡಿದ್ದ ಮಗಳು ಮುಚ್ಚಿದ ಬಾಗಿಲಿನ ಆಚೆಯಿಂದ ಗಾಳಿಯ ಮೇಲೆ ಕೂಗುತ್ತಿದ್ದಳು: "ಅಪ್ಪಾ! ನನ್ನ ಲಂಗ ಹಾರಿಹೋಯ್ತು, ಇನ್ನು ನಾನೂ ಹಾರಿಹೋಗ್ತೀನಿ! ಅವಳಿಗೊಂದು ಹೂಂ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

ಹಗ್ಗದಲ್ಲಿ ಮಾತು ಬಂತು. ಇದು ಬಿಸಿಯ ಮನೆ. ನೀರು ಗೆರೆ ದಾಟಿದೆ. ಉಸಿರಿನಷ್ಟು ಜಾಗ ಬಂತು.

ಬಾಗಿಲಿನವನು ಕಣ್ಣುಮುಚ್ಚಿ ಒಮ್ಮೆ ಜಗ್ಗಿದ.

ಹೂಂ.

ಊರಿನ ಉದ್ದಕ್ಕೂ ಎಲ್ಲರ ಕೈಗೂ ಅದು ತಾಗಿತು. ಬಿಸಿಯವಳ ಕೈಗೂ ತಾಗಿತು. ಅವಳು ಹಗ್ಗ ಬಿಟ್ಟು ಗೋಡೆಗೊರಗಿ ಹಾಗೇ ಕುಸಿದು ಕೂತಳು.

ಬೆಂಕಿಯವನು ಒಂದು ಕ್ಷಣ ತನ್ನ ಬೆಂಕಿಯನ್ನು ನೋಡಿದ. ಊರನ್ನು ನೆತ್ತಿಗೆ ಮುಟ್ಟಿಸಬೇಕೆಂದು ಅವನಿಗಿದ್ದಷ್ಟು ಆಸೆ ಬೇರೆ ಯಾರಿಗೂ ಇರಲಿಲ್ಲ. ಆದರೆ ಮಾತು ಮಾತಾಗಿತ್ತು. ಅವನು ಬೆಂಕಿಯನ್ನು ತಗ್ಗಿಸಿದ. ಚೌಕದಲ್ಲಿ ಮುಳ್ಳು, ಮುಳ್ಳಿನವನಿಗೆ ಇಷ್ಟವಿಲ್ಲದಿದ್ದರೂ, ಅವನ ಕೈಯಿಂದಲೇ ಬಿಲ್ಲೆಯ ಕೆಂಪು ಗುರುತಿಗೆ ತಿರುಗಿತು. ಜನ ಮುಳ್ಳು ನೋಡಿ ಕಿರುಚಿದರು, ಈಗ ತಾನೇ ಬಿಸಿಯಾದ ಹಾಗೆ. ದೀಪ ಹತ್ತಿದವು. ಎಲ್ಲರಿಗಿಂತ ಕೊನೆಗೆ ಬಾಗಿಲಿನವನು ತನ್ನ ಹಗುರದ ಮಾತಾಡಿದ. ಬಾಗಿಲು ತೆರೆಯಿತು. ಮಗಳು ಒಳಗೆ ಬಿದ್ದಳು, ಕೂದಲೆಲ್ಲ ಕೆದರಿತ್ತು, ಕೈಯಲ್ಲಿ ಒಂದೇ ಒಂದು ರವಿಕೆ ಉಳಿದಿತ್ತು.

ಊರು ಕುಂಟಿತು. ಹಿಂದೆಂದೂ ಕುಂಟದ ಊರು ಏರಿನ ನಡುವೆ ಮುದಿ ಎತ್ತಿನ ಹಾಗೆ ಹೆಜ್ಜೆ ಹಾಕಿತು. ನೆತ್ತಿ ಹತ್ತಿರವಾಗದೆ ಅಲ್ಲೇ ನಿಂತಿತು.

"ಯಾರು ಅಂದದ್ದು?" ಮುಳ್ಳಿನವನು ಮನೆಮನೆಗೂ ಹೋಗಿ ಕೇಳಿದ. "ಯಾರು ಹೂಂ ಅಂದದ್ದು?"

ಹೂಂಗೆ ಮುಖವಿಲ್ಲ. ಯಾರ ಕೈಯಿಂದ ಬಂದರೂ ಹಗ್ಗದ ಮೇಲೆ ಅದು ಒಂದೇ. ಅವನು ಯಾರ ಮುಖ ನೋಡಿದರೂ ಅಲ್ಲಿ ಏನೋ ಅಡಗಿದ ಹಾಗೆ ಕಂಡಿತು. ನಿಜವಾಗಿ ಅಡಗಿತ್ತು ಕೂಡ. ಅಂದು ಹೂಂ ಎನ್ನಲು ಕೈ ಎತ್ತಿ ಇಳಿಸಿದವರು ಒಬ್ಬಿಬ್ಬರಲ್ಲ.

ಹೆಸರು ಸಿಗದಿದ್ದಾಗ ಸಿಟ್ಟು ಹಳೆಯ ದಾರಿಯಲ್ಲೇ ನಡೆದು ಬಿಸಿಯ ಮನೆಗೆ ಬಂತು. ಮರುದಿನ ಚೌಕದಲ್ಲಿ ಊರು ಸೇರಿತು. ಬಿಸಿಯವಳು ಕೈಗೆ ಹಳೆಬಟ್ಟೆ ಸುತ್ತಿಕೊಂಡು ಬಂದಳು.

ಮುಳ್ಳಿನವನು ಎದ್ದು ನಿಂತ. "ಕಲ್ಲಿಡೋ ಹಾಗಿಲ್ಲ ಅಂತ ಅಜ್ಜಿ ಅಂದಾಯ್ತು. ಆದ್ರೆ ಎಳೆತ ಬದಲಿಸೋ ಹಕ್ಕು ಊರಿಗಿದೆ. ಇವತ್ತಿನಿಂದ ಬಿಸಿಯ ಮನೆಯ ಎಳೆತ ಬಾಗಿಲ ಮನೆಗಿಂತಲೂ ಹಗುರ. ಎಲ್ಲರೂ ಆಡಿದ ಮೇಲೆ ನೀನು. ಇಲ್ಲಾ, ಇಲ್ಲೇ ನಿಂತು ನೀರು ಗೆರೆ ದಾಟಿರಲಿಲ್ಲ, ನಂಗೆ ಭ್ರಮೆ ಆಗಿತ್ತು ಅನ್ನು. ನಿನ್ನ ಭಾರ ನಿಂಗೇ ಇರುತ್ತೆ."

"ಅಂದುಬಿಡೇ" ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. "ಒಂದು ಮಾತು, ಹೋಗೋದೇನು?"

ಅವಳು ಕೈಯ ಬಟ್ಟೆ ಬಿಚ್ಚತೊಡಗಿದಳು. ನಿಧಾನವಾಗಿ, ಒಂದೊಂದೇ ಸುತ್ತು. ಒಳಗಿನ ಅಂಗೈಯನ್ನು ಊರಿಗೆ ತೋರಿಸಲಿಲ್ಲ, ತಾನೇ ಒಮ್ಮೆ ನೋಡಿಕೊಂಡಳು.

"ಕೊನೆಗಿಡಿ" ಎಂದಳು. "ಎಲ್ಲರ ಹಿಂದೆ ಇಡಿ. ಕಾಯೋದು ನಂಗೆ ಹೊಸದಲ್ಲ. ನೀವೆಲ್ಲ ಆಡಿ ಮುಗಿಸಿದ ಮೇಲೆ ಹಗ್ಗ ಒಂದು ಗಳಿಗೆ ಸುಮ್ಮನಿರುತ್ತಲ್ಲ, ಆ ಗಳಿಗೆ ಸಾಕು ನಂಗೆ. ನನ್ನ ಭಾರ ತೆಗೀಬಹುದು ನೀವು. ನಾನು ಕಂಡದ್ದನ್ನ ತೆಗೆಯೋಕಾಗಲ್ಲ."

"ಕೊಬ್ಬು ನೋಡು" ಎಂದ ಮುಳ್ಳಿನವನು.

"ಇದೆ" ಎಂದಳು ಅವಳು. "ಕೊಬ್ಬಿಲ್ಲದಿದ್ರೆ ನಿನ್ನೆ ಸಂಜೆಗೆ ಬೆಂದುಹೋಗ್ತಿದ್ರಿ."

ಅವಳು ಮನೆಗೆ ಹೋಗಿ ಕೊಳವೆಯ ಮೇಲೆ ಅಂಗೈಯಿಟ್ಟಳು. ಹಗ್ಗದ ಮುಂದೆ ಕೂತಳು. ತಡೆಯಜ್ಜಿ ಆಡಿದಳು. ಬೆಂಕಿಯವನು ಆಡಿದ. ಗಾಲಿಯವನು ಇಲ್ಲದ ಮಾತನ್ನೂ ಸೇರಿಸಿ ಆಡಿದ. ದೀಪದವಳು ಆಡಿದಳು, ಮುಳ್ಳಿನವನು ಬೇಕೆಂದೇ ಎರಡೆರಡು ಸಲ ಆಡಿದ. ಅವಳು ಪ್ರತಿ ಸಲವೂ ಹಗ್ಗಕ್ಕೆ ಕೈಯಿಟ್ಟು, ಭಾರ ತಾಗಿದಾಗ ಬಿಟ್ಟು, ಮತ್ತೆ ಕೈಯಿಟ್ಟು ಕಾದಳು. ಕೊನೆಗೆ ಬಾಗಿಲಿನವನ ಮಾತೂ ಮುಗಿಯಿತು. ಹಗ್ಗ ಸುಮ್ಮನಾಯಿತು.

ಬಿಸಿಯವಳು ಗಾಯದ ಕೈಯಿಂದ ಎರಡು ಹುರಿಯನ್ನೂ ಹಿಡಿದು, ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಎಳೆದಳು.

"ಇದು ಬಿಸಿಯ ಮನೆ. ನೀರು ಇನ್ನೂ ಗೆರೆಯ ಹತ್ತಿರವಿದೆ."

ಉಸಿರಿನಷ್ಟು ಜಾಗ ಬಿಟ್ಟಳು.

ಆ ದಿನ ಅವಳು ಅದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.